ವಾಂತಾನ್ ತಿಂದು ಆಡಿದ ಕೊನೆಯ ಪಾಯಿಂಟು

ಸೊರೈದಾ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವವಳು. ಆದರೆ ಲಿಮಾ ನಗರದ ಬ್ರೆನ್ಯಾ ಬಡಾವಣೆಯಲ್ಲಿ ಅವಳ ಹೊಲಿಗೆಗಿಂತ ವಾಲಿಬಾಲ್ ಆಟಕ್ಕೇ ಹೆಸರು ಹೆಚ್ಚು. ವಯಸ್ಸು ಐವತ್ತನಾಲ್ಕು. ಭಾನುವಾರ ರಸ್ತೆಗೆ ಅಡ್ಡ ನೆಟ್ ಕಟ್ಟಿದರೆ ಸಾಕು, ಮಂಡಿನೋವೆಲ್ಲ ಎತ್ತಲೋ ಹಾರಿಹೋಗುತ್ತಿತ್ತು. ಇಷ್ಟಿದ್ದೂ, ಹಿಂದಿನ ಬೀದಿಯ ನೆಲಿದಾಳ ತಂಡದೆದುರು ಅವಳ ತಂಡ ಹನ್ನೊಂದು ವರ್ಷ ಬಿಡದೆ ಸೋತಿತ್ತು. ಸೋತಾಗೆಲ್ಲ ತಂಡದ ಆರೂ ಹೆಂಗಸರು ಮೂಲೆಯ ಚೀನೀ ಹೋಟೆಲಿಗೆ ಹೋಗಿ, ಮಾಂಸ ತುಂಬಿ ಕರಿದ ಕಡುಬು, ವಾಂತಾನ್, ಒಂದೇ ತಟ್ಟೆ ತರಿಸಿ ಹಂಚಿಕೊಂಡು ತಿಂದು ಎದ್ದುಬರುತ್ತಿದ್ದರು.

ಈ ಸಲ ಗೆದ್ದೇಬಿಟ್ಟರು!

"ಸಿಯು ಯಜಮಾನ್ರೇ, ಮೂರು ತಟ್ಟೆ!" ಹೋಟೆಲಿನ ಬಾಗಿಲಲ್ಲೇ ಗ್ಲಾದಿಸ್ ಕೂಗಿದಳು. ತಂಡದಲ್ಲಿ ಚೆಂಡು ಅಪ್ಪಳಿಸುವ ದೊಡ್ಡ ಕೈ ಅವಳದು, ಅದಕ್ಕಿಂತ ದೊಡ್ಡದು ಬಾಯಿ.

"ನಿಮ್ಮ ಕಿರುಚಾಟ ಕೇಳೇ ಬಾಣಲೆ ಇಟ್ಟೆ ಕಣಮ್ಮ," ಎಂದರು ಸಿಯು ಒಳಗಿನಿಂದ. ತಾತನ ಕಾಲದಿಂದ ಇದೇ ಮೂಲೆಯಲ್ಲಿ ಅಡುಗೆ ಮಾಡಿಕೊಂಡು ಬಂದ ಮನೆತನ ಅವರದು.

ಗರಿಗರಿ ವಾಂತಾನ್ ಬಂತು, ಜೊತೆಗೆ ಕೆಂಪಗೆ ಹೊಳೆಯುವ ಹುಣಸೆ ಗೊಜ್ಜು. ಎಲ್ಲರೂ ಒಟ್ಟಿಗೆ ಕೈ ಹಾಕಿದರು. ಒಬ್ಬಳು ಆಟ ವರ್ಣಿಸುವಾಗ ಇನ್ನೊಬ್ಬಳು ಅವಳ ಪಾಲನ್ನೂ ಮುಗಿಸುತ್ತಿದ್ದಳು. ಅಷ್ಟರಲ್ಲಿ ನೆಲಿದಾ ತನ್ನ ಐವರನ್ನು ಕರೆದುಕೊಂಡು ಒಳಗೆ ಬಂದಳು. ಪಕ್ಕದ ಮೇಜು ಬಿಟ್ಟರೆ ಬೇರೆ ಖಾಲಿ ಇರಲಿಲ್ಲ. ಆರೂ ಜನ ಅಲ್ಲೇ ಕುಳಿತರು.

ಸೊರೈದಾ ಕೈಯಲ್ಲಿದ್ದ ವಾಂತಾನನ್ನು ತಟ್ಟೆಗೆ ವಾಪಸು ಹಾಕಿದಳು. ಅವಳು ಎದ್ದು ನಿಂತಳು.

"ನೆಲಿದಾ, ನೀನು ಹೊಡೆದ ಕೊನೇ ಚೆಂಡು ಗೆರೆ ದಾಟಿ ಹೋಯ್ತಲ್ಲ, ಅದು ಹೋಗೋವಾಗ ನನ್ನ ಬೆರಳಿಗೆ ತಾಗಿತ್ತು. ಆ ಪಾಯಿಂಟು ನಿಮ್ದೇ."

"ಥೂ, ನಿನ್ನ! ಹನ್ನೊಂದು ವರ್ಷ ಆದ್ಮೇಲೆ ಗೆದ್ದಿದೀವಿ, ಬಾಯಿ ಮುಚ್ಕೊಂಡು ತಿನ್ನೋಕೆ ಆಗಲ್ವಾ?" ಗ್ಲಾದಿಸ್ ಅವಳ ಅಂಗಿಯ ತುದಿ ಹಿಡಿದು ಜಗ್ಗಿದಳು.

ಮಾರುಕಟ್ಟೆಯಲ್ಲಿ ಮೀನು ಮಾರುವ ನೆಲಿದಾ ಇಡೀ ಹೋಟೆಲಿಗೆ ಕೇಳುವಂತೆ ನಕ್ಕಳು.

"ಗೊತ್ತು ಕಣೇ. ಟಿಕ್ ಅಂತ ಸದ್ದು ಕೇಳಿಸ್ತು ನಂಗೆ."

"ಮತ್ಯಾಕೆ ಜಗಳಕ್ಕೆ ಬರ್ಲಿಲ್ಲ?"

"ಹೆಂಗೆ ಬರ್ಲಿ? ಅದಕ್ಕೂ ಮುಂಚಿನ ಪಾಯಿಂಟಲ್ಲಿ ನನ್ನ ಮೊಣಕೈ ನೆಟ್‌ಗೆ ತಾಗಿತ್ತು. ಅದು ಫೌಲು. ಯಾರೂ ನೋಡ್ಲಿಲ್ಲ ಅಂತ ಸುಮ್ನಾದೆ, ಪಾಯಿಂಟು ನಮಗೇ ಬಂತು."

"ಅಯ್ಯೋ ಕಳ್ಳೀರಾ!" ಎಂದಳು ಗ್ಲಾದಿಸ್. ಹನ್ನೆರಡೂ ಜನ ಬಿದ್ದು ಬಿದ್ದು ನಕ್ಕರು. ಯಾರು ಎಳೆದರೋ, ಎರಡು ಮೇಜು ಒಂದಾದವು. ಸೊರೈದಾ ತನ್ನ ತಟ್ಟೆಯನ್ನೇ ನೆಲಿದಾಳ ಮುಂದೆ ತಳ್ಳಿದಳು.

"ಆ ಒಂದು ಪಾಯಿಂಟು ಮತ್ತೆ ಆಡೋಣ. ಗೆದ್ದೋರಿಗೇ ಇವತ್ತಿನ ಪಂದ್ಯ," ಎಂದಳು ನೆಲಿದಾ ಬಾಯಿ ತುಂಬ ತುಂಬಿಕೊಂಡು.

"ಯಾವಾಗ?"

"ಈಗ್ಲೇ. ನೆಟ್ ಇನ್ನೂ ಬಿಚ್ಚಿಲ್ಲ."

ಉಳಿದ ವಾಂತಾನ್ ಎರಡೇ ನಿಮಿಷದಲ್ಲಿ ಮಾಯವಾಯಿತು. ಕೈ ಒರೆಸಿಕೊಳ್ಳುತ್ತ ಎಲ್ಲರೂ ರಸ್ತೆಗೆ ಓಡಿದರು. ಸಿಯು ಒಲೆ ಆರಿಸಿ, ಹೋಟೆಲಿನ ಕುರ್ಚಿಯನ್ನೇ ತಂದು ಹತ್ತಿ ತೀರ್ಪುಗಾರರಾದರು. ಕಿಟಕಿಗಳಲ್ಲಿ ತಲೆಗಳು ಮೂಡಿದವು. ಹಾರ್ನ್ ಹೊಡೆಯುತ್ತಿದ್ದ ಟ್ಯಾಕ್ಸಿಯವನು ಕೊನೆಗೆ ತಾನೂ ಇಳಿದು ನೋಡುತ್ತ ನಿಂತ.

ಚೆಂಡು ಆ ಕಡೆ, ಈ ಕಡೆ, ಮತ್ತೆ ಆ ಕಡೆ. ತುಂಬಿದ ಹೊಟ್ಟೆ ಹೊತ್ತು ಓಡುವ ಪಾಡು ಯಾರಿಗೂ ಬೇಡ! ನೆಲಿದಾ ಮೈಯ ಬಲವನ್ನೆಲ್ಲ ಹಾಕಿ ಬಾರಿಸಿದಳು. ಸೊರೈದಾ ಡಾಂಬರಿನ ಮೇಲೇ ಜಾರಿ, ನೆಲಕ್ಕೆ ಗೇಣುದ್ದ ಇರುವಾಗ ಚೆಂಡನ್ನು ಎತ್ತಿದಳು. ಗ್ಲಾದಿಸ್ ಜಿಗಿದು ಅಪ್ಪಳಿಸಿದಳು. ನೆಲಿದಾಳ ತಂಡದ ಇಬ್ಬರು ಒಟ್ಟಿಗೆ ಧಾವಿಸಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಅವರ ನಡುವೆಯೇ ಚೆಂಡು ನೆಲಕ್ಕೆ ಬಿತ್ತು.

"ಸೊರೈದಾ ಕಡೆಯವರದು!" ಸಿಯು ಕುರ್ಚಿಯ ಮೇಲೇ ಕುಣಿದರು.

ಬೀದಿಗೆ ಬೀದಿಯೇ ಕೇಕೆ ಹಾಕಿತು. ಮೊಣಕಾಲು ತರಚಿ ರಕ್ತ ಬರುತ್ತಿದ್ದರೂ ಸೊರೈದಾಗೆ ನಗು ತಡೆಯಲಾಗಲಿಲ್ಲ. ನೆಲಿದಾ ಬಂದು ಅವಳನ್ನು ತಬ್ಬಿ ಎತ್ತಿದಳು.

"ಬೆರಳಿಗೇನಾದ್ರೂ ತಾಗಿತ್ತೇನೇ?"

"ಈ ಸಲ ಇಲ್ಲ ಮಾರಾಯ್ತಿ, ದೇವರಾಣೆ!"