ಹುಣಸೆಹುಳಿಯಲ್ಲಿ ತೊಳೆದ ಬೆಳ್ಳಿ

ಮೊನ್ನೆ ಮೊಮ್ಮಗಳು ಬೆಳ್ಳಿ ಲೋಟಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾ ಕುಳಿತಿದ್ದಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಲೋಟ ಕಸಿದುಕೊಂಡು ಬೈದುಬಿಟ್ಟೆ. ಪಾಪ, ಅವಳಿಗೇನು ಗೊತ್ತು ರಂಗಂಪೇಟೆಯ ಆ ಮಾಸ್ತರರ ವಿಷಯ...

ಅವರು ನಮ್ಮ ಪಕ್ಕದ ಮನೆಯವರು. ಶಾಲೆ ಬಿಟ್ಟರೆ ಹಳೆಯ ಬೆಳ್ಳಿ ನಾಣ್ಯಗಳ ಹುಚ್ಚು. ಅಕ್ಕಸಾಲಿಗರಾದ ನನ್ನ ಮಾವನ ತಕ್ಕಡಿಯಲ್ಲಿ ಗುಲಗಂಜಿ ಇಟ್ಟು ಒಂದೊಂದನ್ನೂ ತೂಗುವರು, ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವರು. ಸಾವಿರಾರು ವರ್ಷದ ಹಿಂದಿನ ಗ್ರೀಕರ ಬೆಳ್ಳಿ ನಮ್ಮ ಮಣ್ಣಿನಲ್ಲೂ ಇದ್ದೇ ಇದೆ ಎಂಬುದು ಅವರ ಹಟ. ನಾನಾಗ ಹೊಸ ಸೊಸೆ.

ನಿಜಾಮರ ಆಳ್ವಿಕೆ ಮುಗಿದು ಮಿಲಿಟರಿ ಬಂದಿತ್ತು. ಲೂಟಿ ಮಾಲಿಗಾಗಿ ಮನೆಮನೆ ಹುಡುಕುತ್ತಿದ್ದರು. ಅಂಥದ್ದರಲ್ಲಿ ಶಹಾಪುರದ ಕಡೆಯ ಕುರುಬನೊಬ್ಬ, ಕುರಿದೊಡ್ಡಿ ಅಗೆಯುವಾಗ ಸಿಕ್ಕಿತೆಂದು, ಮಣ್ಣು ಮೆತ್ತಿದ ನಾಣ್ಯಗಳ ಗಡಿಗೆಯನ್ನು ಕರಗಿಸಲು ತಂದುಕೊಟ್ಟು ಹೋದ. ಲೂಟಿಯದೆಂದು ಹಿಡಿದಾರೆಂದು ಮಾವ ಕದ ಮುಂದೆಳೆದು ಮಾಸ್ತರರನ್ನು ಕರೆದರು. ಮಾಸ್ತರರು ಒಂದನ್ನು ತಿರುಗಿಸಿ ನೋಡಿದರು. ಗ್ರೀಕ್ ಅಕ್ಷರ!

"ಕರಗಸಬ್ಯಾಡ್ರಿ ಕಾಕಾ. ಇದರ ಮ್ಯಾಲಿನ ಮಣ್ಣ ಸಾಕ್ಷಿ. ನೆಲದಾಗಿಂದು, ಲೂಟಿದಲ್ಲ ಅಂತ ಗಿರ್ದಾವರ ಸಾಹೇಬ್ರಿಗೆ ತೋರಸ್ತೀನಿ."

"ಮಧ್ಯಾಹ್ನದ ತನಕ ಅಷ್ಟ ಕಾಯ್ತೀನ್ರಿ ಮಾಸ್ತರ. ಮಿಲಿಟರಿ ನಮ್ಮ ಓಣಿಗೆ ಬಂತಂದ್ರ ನನ್ನ ಹೆಣಾನ ಬೀಳ್ತದ," ಎಂದರು ಮಾವ.

ಒಳಗಿದ್ದ ನನ್ನ ಕಿವಿಗೆ ಬಿದ್ದದ್ದು ಗಿರ್ದಾವರರು, ಅಂದರೆ ಕಂದಾಯದ ಸಾಹೇಬರು, ನೋಡಲು ಬರುತ್ತಾರೆ ಎಂಬುದಷ್ಟೇ. ನಮ್ಮ ಮನೆಯಲ್ಲಿ ಬೆಳ್ಳಿಯನ್ನು ಹೊಳಪಿಲ್ಲದೆ ಯಾರ ಕೈಗೂ ಕೊಡುತ್ತಿರಲಿಲ್ಲ, ತೊಳೆಯುವ ಕೆಲಸ ಸೊಸೆಯದು. ಮಾಸ್ತರರು ಸಾಹೇಬರನ್ನು ಕರೆಯಲು ಹೋದ ಮೇಲೆ ಮಾವ ಬಾಗಿಲಲ್ಲಿ ನಿಂತು ಓಣಿ ಕಾಯುತ್ತಿದ್ದರು. ನಾನು ಜಾಣೆಯೆಂದುಕೊಂಡು ಎಲ್ಲವನ್ನೂ ಹುಣಸೆಹುಳಿಯಲ್ಲಿ ಕುದಿಸಿ, ಬೂದಿ ಹಾಕಿ ತಿಕ್ಕಿದೆ.

ಮಾಸ್ತರರು ಗಿರ್ದಾವರರನ್ನು ಕರೆತಂದರು. ಗಡಿಗೆಯೊಳಗೆ ಫಳಫಳ.

"ಏನ್ ಮಾಸ್ತರ, ಇದು ನೆಲದಾಗಿನ ಮಾಲೇನು? ಯಾವ್ದೋ ಜಾಗೀರದಾರನ ಪೆಟಗ್ಯಾಗಿಂದು ಕಾಣ್ತದ. ನಾ ನೋಡೇ ಇಲ್ಲ ತಿಳೀರಿ," ಎಂದು ಗಿರ್ದಾವರರು ಹೊರಟೇಬಿಟ್ಟರು.

ಅವರು ಓಣಿ ದಾಟುವ ಮೊದಲೇ ಮಾವ ಕುಲುಮೆ ಊದಿದರು.

ಮಾಸ್ತರರು ತಡೆಯಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬಚ್ಚಲ ಮೋರಿಯ ಬಳಿ ಕುಕ್ಕರಗಾಲಲ್ಲಿ ಕುಳಿತು, ನಾಣ್ಯ ತೊಳೆದ ಕರಿನೀರಿನಲ್ಲಿ ಬೆರಳಾಡಿಸುತ್ತಿದ್ದರು.

"ಎಲ್ಲಾ ತೊಳದ್ಯಾ ತಂಗಿ? ಒಂದೂ ಉಳಸಿಲ್ಲೇನು?"

ಒಂದನ್ನೂ ಉಳಿಸಿರಲಿಲ್ಲ.

ಮುಂದೆ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಹೊರಟ ದಿನ ನಾನು ಕದದ ಹಿಂದೆಯೇ ನಿಂತೆ. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಈಗ ಅವರೂ ಇಲ್ಲ, ಮಾವನೂ ಇಲ್ಲ...

ಮೊಮ್ಮಗಳು ತಿಕ್ಕಿದ ಅರ್ಧ ಲೋಟ ಹೊಳೆಯುತ್ತಿದೆ. ಉಳಿದರ್ಧವನ್ನು ಯಾರಿಗೂ ಮುಟ್ಟಲು ಬಿಟ್ಟಿಲ್ಲ.