ಮಗ್ಗ ನಿಂತಾಗ ಕೇಳಿಸಿದ್ದು

ಕರೆಂಟು ಹೋಗಿ, ಬನಹಟ್ಟಿಯ ನಮ್ಮ ಮನೆಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆಗ ಬಚ್ಚಲಿನಲ್ಲಿ ನಲ್ಲಿ ಸುರಿಯುವ ಸದ್ದು ಕೇಳಿಸಿತು. ಹತ್ತು ತಿಂಗಳ ಮಗಳನ್ನು ಟಬ್ಬಿನಲ್ಲಿ ಕೂರಿಸಿ ಟವೆಲ್ ತರಲು ಬಂದ ನಾನು, ಮಂಚದ ಮೇಲಿದ್ದ ಸೀರೆಗಳನ್ನು ಮಡಚುತ್ತ ನಿಂತುಬಿಟ್ಟಿದ್ದೆ. ಓಡಿದೆ. ನೀರು ಅವಳ ಗದ್ದ ಮುಟ್ಟಿತ್ತು. ಅವಳು ಕೈ ಬಡಿಯುತ್ತ ನಗುತ್ತಿದ್ದಳು.

ಹಿಂದೆಯೇ ಬಂದ ಅತ್ತೆ ಮಗುವನ್ನು ಎತ್ತಿಕೊಂಡು, ನನ್ನ ಕೈಯಲ್ಲಿದ್ದ ಸೀರೆ ನೋಡಿದರು. "ಸೀರಿ ಎಲ್ಲೆರ ಓಡಿ ಹೋಗತಿದ್ದುವೇನ ಯವ್ವಾ?"

"ನಾ ಆಕಿನ್ನ ಮರತ ಬಿಟ್ಟಿದ್ದೆರಿ ಅತ್ತಿ," ಎಂದೆ. ಆಮೇಲೆಯೇ ನಲ್ಲಿ ನಿಲ್ಲಿಸಿದೆ.

ನನ್ನ ಗಮನ ಹೀಗೆ ಜಾರುವುದಕ್ಕೆ ಎಡಿಎಚ್‌ಡಿ ಎನ್ನುತ್ತಾರೆಂದು ವೈದ್ಯರು ಆಮೇಲೆ ತಿಳಿಸಿದರು. ಔಷಧ ನಡೆದಿದೆ. ಆದರೂ ಮಗಳು ನನ್ನನ್ನೇ ನಂಬಿ ತೋಳು ಚಾಚಿದಾಗಲೆಲ್ಲ ನನಗೆ ಹೆದರಿಕೆಯಾಗುತ್ತದೆ.