ಬಾಣಂತಿಯ ಬಿಳಿ ಅನ್ನ

ಕುರುಗೋಡಿನ ನಮ್ಮ ಮನೆಯಲ್ಲಿ ಅನ್ನವೆಂದರೆ ಹಬ್ಬದ ಊಟ. ಉಳಿದ ದಿನಗಳಲ್ಲಿ ಜೋಳದ ರೊಟ್ಟಿ. ಆದರೆ ಬಾಣಂತಿಗೆ ಮಾತ್ರ ಮೂರು ಹೊತ್ತೂ ಬಿಳಿ ಅನ್ನವೇ ಆಗಬೇಕೆಂಬುದು ಅಜ್ಜಿಯ ಕಟ್ಟಳೆಯಾಗಿತ್ತು. ಅವಳ ತವರು ಸಿರುಗುಪ್ಪದ ಕಡೆಯ ಕರೂರು, ಭತ್ತ ಬೆಳೆಯುವ ಊರು. ಬಿಳಿ ಅನ್ನ, ತುಪ್ಪ, ಬೆಳ್ಳುಳ್ಳಿ ಖಾರ, ಇವಿಷ್ಟೇ ಪಥ್ಯ. ಬೇಳೆ ವಾಯು, ಸೊಪ್ಪು ಶೀತ, ರೊಟ್ಟಿ ಹಸಿ ಮೈಗೆ ಭಾರ. ನೀರು ತಿಳಿಯಾಗುವವರೆಗೆ ಅಕ್ಕಿಯನ್ನು ತಿಕ್ಕಿ ತಿಕ್ಕಿ ತೊಳೆದು, ಬೇಯಿಸಿ, ಗಂಜಿ ಬಸಿದು ಎಮ್ಮೆಗೆ ಸುರಿದು, ಉದುರು ಉದುರಾದ ಅನ್ನವನ್ನು ತಟ್ಟೆಯಲ್ಲಿ ಹರಡಿ ಕೊಡುತ್ತಿದ್ದಳು. ಬಾಣಂತಿಯಾಗಿದ್ದ ನನ್ನ ಅಕ್ಕನ ಮೇಲಿನ ಪ್ರೀತಿಯನ್ನು ಬಾಯಲ್ಲಿ ಹೇಳುವ ಅಭ್ಯಾಸ ಅವಳಿಗಿರಲಿಲ್ಲ.

ನಾನು ಮದರಾಸಿನ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಓದುತ್ತಿದ್ದೆ. ಒಂದು ಬೇಸಿಗೆ ರಜೆಗೆ ಬಂದಾಗ ಅಕ್ಕನ ಎರಡನೆಯ ಕೂಸಿಗೆ ಮೂರನೆಯ ತಿಂಗಳು ನಡೆದಿತ್ತು. ಮಹಾಯುದ್ಧದ ಕಾಲದಲ್ಲಿ ಹುಟ್ಟಿದ ಮೊದಲನೆಯದು ಅದೇ ಬಾಣಂತಿ ಕೋಣೆಯಲ್ಲಿ, ಅದೇ ವಯಸ್ಸಿನಲ್ಲಿ ತೀರಿಹೋಗಿತ್ತು. ಒಳಗೆ ಹೋಗಿ ನೋಡಿದೆ. ಕೂಸು ಅಳುತ್ತಿತ್ತು. ಬಾಯಿ ಅಗಲಿಸಿ, ಮುಖ ಕಪ್ಪಿಟ್ಟು, ಕಾಲು ಮಡಚಿ ಅಳುತ್ತಿತ್ತು. ದನಿ ಮಾತ್ರ ಇರಲಿಲ್ಲ. ಉಸಿರು ಮೇಲೆ ಮೇಲೆ ಬರುತ್ತಿತ್ತು.

"ಕೂಸು ದುಂಡಗೈತಿ, ಯಾರದೋ ಕಣ್ಣು ಬಿದ್ದೈತಿ," ಎಂದಳು ಅಜ್ಜಿ. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. "ಅದಕ್ಕೂ ಹಿಂಗಾ ಆಗಿತ್ತು. ಮೊದ್ಲು ದನಿ ಹೋತು, ಆಮ್ಯಾಲೆ ಅದಾ ಹೋತು," ಎಂದಳು.

ಆ ಮಾತು ಕೇಳಿದೊಡನೆ ತರಗತಿಯಲ್ಲಿ ಕೇಳಿದ ಒಂದು ಪಾಠ ನೆನಪಾಯಿತು. ನಾವು ತಿನ್ನುವ ಪಿಷ್ಟ ದೇಹದ ಒಂದೊಂದು ಜೀವಕಣದಲ್ಲೂ ಹಂತ ಹಂತವಾಗಿ ಉರಿದು ಶಕ್ತಿಯಾಗುತ್ತದೆ. ಒಂದೊಂದು ಹಂತಕ್ಕೂ ಒಂದೊಂದು ಕಿಣ್ವ. ನಡುವಿನ ಒಂದು ಹಂತದಲ್ಲಿ ಆ ಕಿಣ್ವಕ್ಕೆ ಜೊತೆಗಾರನೊಬ್ಬ ಬೇಕು: ಥಯಮಿನ್ ಎಂಬ ಜೀವಸತ್ವ. ಅದಿಲ್ಲದಿದ್ದರೆ ಪಿಷ್ಟ ಅರ್ಧ ಉರಿದು ಆಮ್ಲವಾಗಿ ನಿಲ್ಲುತ್ತದೆ; ಹೊಟ್ಟೆ ತುಂಬಿದ್ದರೂ ನರ ಹಸಿಯುತ್ತದೆ, ಹೃದಯ ಸೋಲುತ್ತದೆ. ಜೋಳ, ಬೇಳೆಗಳಲ್ಲಿ ಆ ವಸ್ತು ಸಾಕಷ್ಟಿದೆ; ಅಕ್ಕಿಯಲ್ಲಾದರೆ ಇರುವುದು ಹೊರಪದರದಲ್ಲಿ, ಅಂದರೆ ತೌಡಿನಲ್ಲಿ. ತಾಯಿ ತಿನ್ನದಿದ್ದರೆ ಅವಳ ಹಾಲಿನಲ್ಲೂ ಇರುವುದಿಲ್ಲ. ಆಗ ಕೂಸಿಗೆ ಮೊದಲು ದನಿಯ ನರ ಸೋತು ಅಳು ಮೂಕವಾಗುತ್ತದೆ, ಆಮೇಲೆ ಹೃದಯ ನಿಲ್ಲುತ್ತದೆ.

"ಅಜ್ಜಿ, ಈ ಅಕ್ಕಿ ಎಲ್ಲೀದು?"

"ಸಿರುಗುಪ್ಪದ ಮಿಲ್ಲಿಂದು. ಹಾಲಿನಂಗ ಐತಿ ನೋಡು."

"ನಿನ್ನ ಬಾಣಂತನದಾಗೂ ಇದಾ ಏನು?"

"ಆಗೆಲ್ಲೀದಬೇ ಮಿಲ್ಲು! ನಮ್ಮವ್ವ ಒನಕೀಲೆ ಕುಟ್ಟಿದ್ದು. ಕೆಂಪ್ ಕೆಂಪಗಿರ್ತಿತ್ತು. ನಿಮ್ಮಕ್ಕನ ಪುಣ್ಯ ದೊಡ್ಡದು."

ಅಲ್ಲಿತ್ತು ವಿಷಯ. ಅಜ್ಜಿಯ ಪಥ್ಯ ತಲೆಮಾರುಗಳಿಂದ ಒಂದೇ ಆಗಿತ್ತು, ಬದಲಾದದ್ದು ಅಕ್ಕಿ. ಒನಕೆ ಉಳಿಸುತ್ತಿದ್ದುದನ್ನು ಯಂತ್ರ ಉಜ್ಜಿ ತೆಗೆಯುತ್ತಿತ್ತು. ಚೂರುಪಾರು ಉಳಿದದ್ದು ತೊಳೆದ ನೀರಿನಲ್ಲಿ, ಬಸಿದ ಗಂಜಿಯಲ್ಲಿ ಎಮ್ಮೆಯ ಪಾಲಾಗುತ್ತಿತ್ತು. ಮನೆಯ ಉಳಿದವರನ್ನು ಕಾಯುತ್ತಿದ್ದ ರೊಟ್ಟಿ, ಬೇಳೆ, ಸೊಪ್ಪು ಅಕ್ಕನೊಬ್ಬಳಿಗೆ ನಿಷಿದ್ಧ.

ಅಕ್ಕನಿಗೆ ತೌಡು ಕೊಡಬೇಕೆಂದಾಗ ಅಜ್ಜಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ಎಮ್ಮಿಗಿಡಾದನ್ನ ಬಾಣಂತಿಗಿಡಾಕ ಮದರಾಸಿಗೆ ಹೋಗಿ ಕಲ್ತು ಬಂದೇನಲೇ?"

"ಒಲಿ ತುಂಬ ಕಟ್ಟಿಗಿ ಐತಿ, ಗಾಳಿ ಇಲ್ಲ. ಏನಾಗ್ತತಿ ಅಜ್ಜಿ?"

"ಹೊಗಿ ಆಗ್ತತಿ."

"ಕೂಸಿನೊಳಗ ಈಗ ಬರೇ ಹೊಗಿ ಐತಿ. ತೌಡು ಅಕ್ಕಗ ಆಮ್ಯಾಲೆ ಆಗ್ಲಿ. ಕೂಸಿಗೆ ಇವತ್ತಾ ಸೂಜಿ ಹಾಕಿಸ್ಬೇಕು. ತಡ ಮಾಡಿದ್ರ ಉಳಿಯಂಗಿಲ್ಲ."

ಅಜ್ಜಿ ಕೂಸಿನ ತೆರೆದ ಬಾಯಿಯನ್ನು ನೋಡಿದಳು. ಮೂರು ತಿಂಗಳು ತುಂಬದೆ ಬಾಣಂತಿ ಹೊಸ್ತಿಲು ದಾಟಬಾರದೆಂದು ಊರಿಗೆಲ್ಲ ಹೇಳುತ್ತಿದ್ದವಳು, ಅಕ್ಕನ ಕಿವಿಗೆ ತಾನೇ ಅರಳೆ ತುರುಕಿ, ತಲೆಗೆ ಬಟ್ಟೆ ಬಿಗಿದು, ಕೂಸನ್ನು ಮಡಿಲಿಗೆ ಹಾಕಿಕೊಂಡು ಬಳ್ಳಾರಿಯ ಬಸ್ಸು ಹತ್ತಿದಳು. ನನಗೆ ಆಗಿನ್ನೂ ಪದವಿಯೂ ಬಂದಿರಲಿಲ್ಲ. ಎಳೆಯಳ ಮಾತಿಗೆ ತನ್ನ ಆಯುಷ್ಯದ ನೇಮವನ್ನು ಬಿಟ್ಟುಕೊಟ್ಟ ಆ ಮುದುಕಿಗೆ ಕೃತಜ್ಞತೆ ಹೇಳುವ ಭಾಷೆ ನನಗೆ ಇಂದಿಗೂ ಸಿಕ್ಕಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮನಿಗೂ ನಾನು ಋಣಿ. ಆಕೆ ಕೂಸನ್ನು ಮುಟ್ಟುವ ಮೊದಲೇ ತಾಯಿಯ ಊಟ ಕೇಳಿದರು. "ಗೋದಾವರಿ ಕಡೆ ಭತ್ತದ ಸೀಮ್ಯಾಗ ಇಂಥಾ ಕೂಸುಗಳನ್ನ ಭಾಳ ನೋಡೀನ್ರಿ. ಜೋಳದ ಸೀಮೀಗೂ ಬಂತಾ ಇದು?" ಎಂದು ಸೂಜಿ ಹಾಕಿದರು.

ಬಳ್ಳಾರಿಯಲ್ಲೇ ಸತ್ಯನಾರಾಯಣಪೇಟೆಯ ನೆಂಟರ ಮನೆಯಲ್ಲಿ ಇಳಿದುಕೊಂಡೆವು. ಮರುದಿನ ನಾವು ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಒಳಗಿನಿಂದ ಕರ್ಕಶವಾದ, ಒಡಕು ಅಳು ಕೇಳಿತು. ನೆಂಟರ ಹೆಣ್ಣುಮಗಳು ತೊಟ್ಟಿಲು ತೂಗಲು ಓಡಿದಳು.

"ಮುಟ್ಟಬ್ಯಾಡ್ರಿ!" ಎಂದು ಅಜ್ಜಿ ಕೂಗಿದಳು. "ಅಳ್ಳಿ. ಹೊಟ್ಟಿ ತುಂಬ ಅಳ್ಳಿ."

ಅಕ್ಕ ನಕ್ಕಳು. ಆಮೇಲೆ, ಆ ನಗೆ ಇನ್ನೂ ಮುಖದಲ್ಲಿರುವಾಗಲೇ, ನನ್ನನ್ನು ಕೇಳಿದಳು: "ಹಂಗಾದ್ರ ಮೊದಲನೇದೂ ಉಳೀತಿತ್ತೇನು?"

ಅಜ್ಜಿಯೇ ಉತ್ತರಿಸಿದಳು. "ಉಳೀತಿತ್ತವ್ವಾ. ಉಣಿಸಿದಾಕಿ ನಾನು."

"ನೀನಲ್ಲ ಅಜ್ಜಿ," ಎಂದೆ. "ಅಕ್ಕಿ ಬದಲಾಗೈತಂತ ನಿನಗ ಯಾರೂ ಹೇಳ್ಲಿಲ್ಲ."

"ಯಾರು ಹೇಳ್ಬೇಕಿತ್ತು?"

ಆ ಪ್ರಶ್ನೆಯನ್ನು ನಾನು ಇಲ್ಲಿ ಅಚ್ಚಿನಲ್ಲಿ ಕೇಳುತ್ತಿದ್ದೇನೆ. ಅಕ್ಕನ ಮೊದಲ ಕೂಸು ಹುಟ್ಟುವ ಮುಂಚೆಯೇ ಈ ಸತ್ಯ ಪುಸ್ತಕಗಳಲ್ಲಿತ್ತು. ಗೋದಾವರಿ ತೀರದ ವೈದ್ಯರಿಗೆ ತಿಳಿದಿತ್ತು. ಗಿರಣಿಗೆ ಪರವಾನಗಿ ಕೊಟ್ಟವರು, ರೇಷನ್ ಅಂಗಡಿಗೆ ಆ ಅಕ್ಕಿಯನ್ನು ಹಂಚಿದವರು, ಆರೋಗ್ಯದ ಹೆಸರಿನಲ್ಲಿ ಸಂಬಳ ಎಣಿಸಿದವರು, ಇದನ್ನು ಇಂಗ್ಲಿಷಿನಲ್ಲಿ ಪಾಠ ಮಾಡಿ ಅಂಕ ಹಾಕಿದವರು: ಇವರಲ್ಲಿ ಒಬ್ಬರಾದರೂ ಒಂದು ಅಡುಗೆಮನೆಯ ಬಾಗಿಲಿಗೆ ಬಂದು, ತಿಳಿಯುವ ಮಾತಿನಲ್ಲಿ ಹೇಳಬಾರದಿತ್ತೇ? ಸತ್ತ ಕೂಸಿನ ಹೊಣೆಯನ್ನು ಅಜ್ಜಿ ತನ್ನ ಬಾಯಿಂದಲೇ ಒಪ್ಪಿಕೊಂಡಳು, ಹೊರಬೇಕಾದವಳು ಅವಳಲ್ಲದಿದ್ದರೂ. ಹೊರಬೇಕಾದವರು ಇಂದಿಗೂ ತುಟಿ ಬಿಚ್ಚಿಲ್ಲ.

ಅಜ್ಜಿ ಮಾತ್ರ ಉತ್ತರಕ್ಕಾಗಿ ಕಾಯಲಿಲ್ಲ. ಅಕ್ಕನಿಗೆ ಹಾಲಿನಲ್ಲಿ ರೊಟ್ಟಿ ನೆನೆಸಿ ತಾನೇ ತಿನ್ನಿಸಿದಳು. ಕೂಸು ಹಾಲು ಕುಡಿದು ನಿದ್ದೆಹೋದ ಮೇಲೆ ಸೀರೆಯ ನೆರಿಗೆ ಸರಿಮಾಡಿಕೊಂಡು ಎದ್ದಳು.

"ಎಲ್ಲಿಗೆ ಅಜ್ಜಿ?"

"ಕರೂರಿಗೆ. ನನ್ನ ತಮ್ಮನ ಸೊಸಿ ದಿನ ತುಂಬಿದಾಕಿ. ಅಲ್ಲೂ ಅದಾ ಅಕ್ಕಿ."

ಸಿರುಗುಪ್ಪದ ಬಸ್ಸಿಗೆ ನಾನೇ ಹತ್ತಿಸಿದೆ. ಬಸ್ಸು ಇನ್ನೂ ಹೊರಟಿರಲಿಲ್ಲ. ಅಷ್ಟರಲ್ಲೇ ಅಜ್ಜಿ ಪಕ್ಕದಲ್ಲಿ ಕುಳಿತಿದ್ದ ಗುರುತಿಲ್ಲದ ಬಸುರಿಯ ಕಡೆ ವಾಲಿ ಕೇಳುತ್ತಿದ್ದಳು: "ನಿಮ್ಮನ್ಯಾಗ ಮಿಲ್ಲಿನಕ್ಕಿ ಏನವ್ವಾ?"